ಮನೆಯೊಡತಿಯ ಮೀನೆಣ್ಣೆ

ಮೊಮ್ಮಗಳ ಮೇಜಿನ ಮೇಲೆ ಮೀನೆಣ್ಣೆಯ ಕ್ಯಾಪ್ಸೂಲೊಂದು ಒಡೆದಿತ್ತು. ಕಾಲೇಜು ಸೇರಿದ ಮೇಲೆ ಅವಳಿಗೆ ಎಲ್ಲವೂ ‘ವೆಲ್‌ನೆಸ್’. ಆ ನಾತ ಮೂಗಿಗೆ ಬಡಿದದ್ದೇ, ಕುಮಟೆಯ ಆ ಮನೆಯೊಡತಿ ಎದುರಿಗೆ ಬಂದು ನಿಂತ ಹಾಗಾಯಿತು…

ಅರವತ್ತರ ದಶಕದ ಆರಂಭ. ಭಟ್ಕಳದಿಂದ ಬಿ.ಎ. ಓದಲು ಹೋದ ನಾನು ಆ ವಿಧವೆಯ ಮನೆಯಲ್ಲಿ ಪೇಯಿಂಗ್ ಗೆಸ್ಟ್. ಹೆಲ್ತ್ ಎಂದರೆ ಉಗುರು, ಹಲ್ಲು, ಪ್ರೇಯರ್ ಎಂದಷ್ಟೇ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಊಟ ಬಿಟ್ಟು ಓದುತ್ತಿದ್ದೆ. ಎದ್ದು ನಿಂತರೆ ಕಣ್ಣು ಕತ್ತಲೆ. ಮೈ ಕೆಟ್ಟರೆ ಕಾಲೇಜು ಬಂದ್ ಎಂದು ಅಪ್ಪ ಮೊದಲೇ ಹೇಳಿಯಾಗಿತ್ತು.

ಒಡತಿ ದಿನಾ ಬೆಳಿಗ್ಗೆ ಬಟ್ಟಲಲ್ಲಿ ಮೀನೆಣ್ಣೆ ಇಟ್ಟು ಹೋಗುತ್ತಿದ್ದರು. ಭಾನುವಾರ ಪಕ್ಕದ ಕೊಬ್ಬರಿ ವಖಾರಿಗೆ ಕರೆದೊಯ್ದು, ಸರಪಳಿಯ ದೊಡ್ಡ ತಕ್ಕಡಿಯಲ್ಲಿ ಕೂರಿಸಿ ತೂಗಿಸುತ್ತಿದ್ದರು. ಸಂಬಂಧವಿಲ್ಲದವಳ ಮೇಲೆ ಇಷ್ಟೇಕೆ ಕಾಳಜಿ?

“ಅಷ್ಟೂ ತಿಳೀಲಿಲ್ವೇನೇ ಪೆದ್ದಿ?” ಎಂದಳು ರೂಮ್‌ಮೇಟ್. “ಮೇ ತಿಂಗಳಲ್ಲಿ ಬೊಂಬಾಯಿಂದ ಅವರ ಅಣ್ಣನ ಮಗ ಬರ್ತಾನಂತೆ. ಬಡಕಲು ಹುಡುಗಿ ಯಾರಿಗೆ ಬೇಕು? ನಿನ್ನ ಕೊಬ್ಬಿಸ್ತಾ ಇದ್ದಾರೆ!”

ಹೆಣ್ಣು ನೋಡಲು ಬಂದವರು ಮೊದಲು ಮೈಕಟ್ಟು ಅಳೆಯುತ್ತಿದ್ದ ಕಾಲ. ನಂಬಿದೆ. ಅಂದಿನಿಂದ ಎಣ್ಣೆ ಕಿಟಕಿಯಾಚೆ. ಅಲ್ಲಿ ಒಡತಿಯ ಬೆಕ್ಕು ಕಾದಿರುತ್ತಿತ್ತು. ಸಂಜೆ ಅವರು ಸಮುದ್ರದ ಕಡೆ ವಾಕಿಂಗ್ ಕರೆದೊಯ್ದರೆ, ಯಾವ ಜಗಲಿಯಿಂದ ಯಾರು ನನ್ನನ್ನು ನೋಡುತ್ತಿದ್ದಾರೋ ಎಂದು ತಲೆ ತಗ್ಗಿಸಿಯೇ ನಡೆಯುತ್ತಿದ್ದೆ.

ಪರೀಕ್ಷೆಗೆ ಮುನ್ನ ಅಪ್ಪ ಬಂದರು. ನನ್ನ ಮುಖ ನೋಡಿದವರೇ, “ಸಾಕು ಓದಿದ್ದು. ಟ್ರಂಕ್ ಕಟ್ಟು” ಎಂದರು.

ಒಡತಿ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಬಂದರು. “ಮುಖ ನೋಡಿ ಎಂತ ಗೊತ್ತಾಗ್ತದೆ ಮಾರಾಯ್ರೆ? ತೂಕ ನೋಡಿ.”

ವಖಾರಿಯಲ್ಲಿ ನಾನು ತಕ್ಕಡಿಯಲ್ಲಿ ಕೂತೆ. ಒಡತಿ ಬೆನ್ನಿಗೆ ನಿಂತರು. ಅಪ್ಪನ ಕಣ್ಣು ಎದುರಿನ ತಟ್ಟೆಯ ತೂಕದ ಕಲ್ಲುಗಳ ಮೇಲೆ. ಆ ತಟ್ಟೆ ಮೆಲ್ಲಗೆ ಮೇಲೆದ್ದಿತು. ಸೆರಗಿನ ಮರೆಯಲ್ಲಿ ಒಡತಿಯ ಕೈ ನನ್ನ ಕಡೆಯ ಸರಪಳಿಯನ್ನು ಕೆಳಕ್ಕೆ ಜಗ್ಗಿ ಹಿಡಿದಿತ್ತು!

“ಕಂಡ್ರಾ? ಬಂದಾಗಿಂದ ಏರಿದ್ದೇ ಏರಿದ್ದು.”

ಅಪ್ಪ ಒಬ್ಬರೇ ಭಟ್ಕಳದ ಬಸ್ಸು ಹತ್ತಿದರು. ಒಡತಿ ಬಟ್ಟಲು ತಂದು ನನ್ನ ಮುಂದಿಟ್ಟರು. “ಇನ್ನು ನೀನೇ ಕುಡಿ ಮಗಾ. ಬೆಕ್ಕು ಬಿ.ಎ. ಪಾಸಾಗೂದಿಲ್ಲ.”

ಕುಡಿದೆ. ಸಂಶಯ ಮಾತ್ರ ಪೂರ್ತಿ ಇಳಿಯಲಿಲ್ಲ. ಮೇ ತಿಂಗಳಲ್ಲಿ ಆ ಅಣ್ಣನ ಮಗ ಬಂದೇ ಬಂದ… ಹೆಂಡತಿ, ಮಗುವಿನ ಸಮೇತ.

ಯಾಕೆ ಅಷ್ಟೆಲ್ಲ ಮಾಡಿದಿರಿ ಎಂದು ಒಮ್ಮೆ ಕೇಳಬೇಕೆಂದಿದ್ದೆ. ಕೆಲಸ, ಮದುವೆ, ಟ್ರಾನ್ಸ್‌ಫರ್… ಕೊನೆಗೆ ಹೋದಾಗ ಅವರು ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಬೇರೆ ಯಾರೋ ಇದ್ದರು.

ಮೇಜು ಒರೆಸಿದೆ. ಮೊಮ್ಮಗಳು ಇನ್ನೊಂದು ಕ್ಯಾಪ್ಸೂಲ್ ನುಂಗುವವರೆಗೂ ಬಾಗಿಲಲ್ಲೇ ನಿಂತೆ.

“ಎಂತ ಅಜ್ಜಿ, ಹಾಗೆ ಕಾಯ್ತಾ ನಿಂತಿದ್ದೀಯಾ?” ಎಂದಳು, ಅನುಮಾನದಿಂದ.