ತಳದ ಮೀನಿನ ಊಟ

ಮೂಡಲಪಾಳ್ಯದ ಹೊಂಬಾಳಯ್ಯನವರ ಮನೆಗೆ ಹೋದವರಿಗೆ ಕಾಫಿ ಸಿಗುವುದು ಮೀನುಗಳ ಊಟವಾದ ಮೇಲೆಯೇ. ಗಾಜಿನ ತೊಟ್ಟಿಯ ಒಂದು ಮೂಲೆಗೆ ಪುಡಿ ಉದುರಿಸಿ ಮೇಲಿನ ಬಣ್ಣದ ಮೀನುಗಳನ್ನು ಅತ್ತ ಸೆಳೆಯುತ್ತಾರೆ. ಆಮೇಲೆ ಇನ್ನೊಂದು ಮೂಲೆಯಲ್ಲಿ ಉದ್ದನೆಯ ಕೊಳವೆ ಇಳಿಸಿ, ಮರಳಿನಲ್ಲಿ ಹುದುಗಿರುವ ಮೀಸೆಯ ಹೊಳೆಮೀನುಗಳ ಮೂತಿಗೇ ಗುಳಿಗೆ ಮುಟ್ಟಿಸುತ್ತಾರೆ. ಈ ತಳದವು ನಾಲ್ಕೇ, ಆರು ವರ್ಷದಿಂದ ಬದುಕಿವೆ. ಯಾವುದರ ಹೊಟ್ಟೆ ಒಳಕ್ಕೆ ಹೋಗಿದೆ ಎಂದು ಮಂಡಿಯೂರಿ, ಟಾರ್ಚ್ ಹಿಡಿದು ನೋಡುತ್ತಾರೆ. ಮದುವೆಗೆ ಹೋದರೂ ಊಟದ ಪಂಕ್ತಿಯಿಂದಲೇ ಸೊಸೆಗೆ ಫೋನು: "ತಳದವು ತಿಂದ್ವೇನಮ್ಮಾ?" ಅಂಗಡಿಯವರು ಇವನ್ನು ತೊಟ್ಟಿ ಚೊಕ್ಕ ಮಾಡುವ ಕ್ಲೀನರ್ ಎಂದು ಮಾರುವುದನ್ನು ಕಂಡರೆ ಉರಿದುಬೀಳುತ್ತಾರೆ. "ಅದಕ್ಕೂ ಹೊಟ್ಟೆ ಐತೆ ಸಾರ್. ಮಿಕ್ಕಿದ್ದು ತಿಂದ್ಕೊಂಡಿರ್ತದೆ ಅಂತ ಬಿಟ್ಬಿಡ್ತೀರ. ಮಿಕ್ಕೈತಾ ಅಂತ ಯಾವತ್ತಾದ್ರೂ ನೋಡಿದೀರಾ?" ಗದರಿಕೆಯಲ್ಲಿ ಶುರುವಾದ ದನಿ ನಡುವೆಯೇ ಸೋಲುತ್ತದೆ. ಎಲ್ಲರಿಗೂ ಬಡಿಸಿ, ಕೊನೆಗೆ ಅಡುಗೆಮನೆಯಲ್ಲಿ ಒಬ್ಬರೇ ಉಣ್ಣುತ್ತಿದ್ದ ಹೆಂಡತಿ ಗೌರಕ್ಕನನ್ನು ಏಳು ವರ್ಷದ ಹಿಂದೆ, ಮೂಳೆ ಚಕ್ಕಳವಾದ ಮೇಲೆ, ಆಸ್ಪತ್ರೆಗೆ ಸೇರಿಸಿದ್ದರು. "ಇವರು ದಿನಾ ಏನು ಊಟ ಮಾಡ್ತಿದ್ರು?" ಎಂದು ಡಾಕ್ಟರು ಕೇಳಿದಾಗ, ನಲವತ್ತು ವರ್ಷ ಜೊತೆಗಿದ್ದ ಹೊಂಬಾಳಯ್ಯನವರು ಉತ್ತರಕ್ಕಾಗಿ ಗೌರಕ್ಕನ ಮುಖವನ್ನೇ ನೋಡಿದರು. ಗೌರಕ್ಕನಿಗೆ ಆಗಲೇ ಮಾತು ನಿಂತುಹೋಗಿತ್ತು.