ರೋಬೋ ಕೈಗೆ ಇಟ್ಟ ಕುಂಕುಮ

ಆ ರೋಬೋ ಕೈಯನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಆಗುತ್ತಿರಲಿಲ್ಲ. ಬ್ರೆಕ್ಸಿಟ್‌ಗೆ ಓಟು ಹಾಕಿದ ಮರುವರ್ಷ. ಲಂಡನ್ನಿನ ಒಂದು ಗೋದಾಮಿನಲ್ಲಿ ಆನ್‌ಲೈನ್ ದಿನಸಿಯನ್ನು ಬಾಕ್ಸಿಗೆ ತುಂಬುವ ಕೆಲಸ ನಮ್ಮದು. ಒಂದು ಬೆಳಿಗ್ಗೆ ಮ್ಯಾನೇಜರ್ ಅದನ್ನು ನಮ್ಮ ಮೇಜಿಗೆ ಬೋಲ್ಟ್ ಹಾಕಿಸಿ, "ನಿಮ್ಮ ಹೊಸ ಸಹೋದ್ಯೋಗಿ" ಅಂತ ಎಲ್ಲರಿಂದ ಚಪ್ಪಾಳೆ ತಟ್ಟಿಸಿದ. ಥೂ! ರಜೆ ಕೇಳದ, ಟಾಯ್ಲೆಟ್ಟಿಗೆ ಹೋಗದ ಸಹೋದ್ಯೋಗಿ. ಅದು ಬಾಕ್ಸ್ ಇಟ್ಟ ವೇಗಕ್ಕೆ ನಾವು ತುಂಬಬೇಕು. ತಡವಾದರೆ ಅದರ ನೆತ್ತಿಯ ದೀಪ ಕೆಂಪಾಗಿ ಮ್ಯಾನೇಜರ್ ಓಡಿ ಬರುತ್ತಿದ್ದ. ಚಾಡಿಕೋರ ಮುಂಡೇದು.

ನನ್ನ ಎದುರಿಗೆ ನಿಲ್ಲುತ್ತಿದ್ದವಳು ಕುಂದಾಪುರದ ಅಕ್ಕ. ಏಜೆನ್ಸಿ ಮೂಲಕ ಬಂದವಳು, ಕೆಲಸ ಕಾಯಂ ಆಗುವುದನ್ನೇ ಕಾಯುತ್ತಿದ್ದಳು. ಕಾಯಂ ಆಗದೆ ಫ್ಲ್ಯಾಟ್ ಕೊಡುವವರಿರಲಿಲ್ಲ. ಗಂಡ, ಮಗಳ ಜೊತೆ ಈಸ್ಟ್ ಹ್ಯಾಮಿನ ಒಂದೇ ಕೋಣೆಯಲ್ಲಿದ್ದಳು.

ಆಯುಧಪೂಜೆಯ ದಿನ ಅಕ್ಕ ಬ್ಯಾಗಿನಿಂದ ಕುಂಕುಮದ ಭರಣಿ ತೆಗೆದಳು. ಟೇಪು ಕತ್ತರಿಸುವ ಚಾಕುವಿಗೆ ಇಟ್ಟಳು, ಟ್ರಾಲಿಗೆ ಇಟ್ಟಳು. ಆಮೇಲೆ ರೋಬೋ ಕಡೆ ತಿರುಗಿದಳು.

"ಅದಕ್ಕೂ ಪೂಜೆಯಾ? ನಮ್ಮ ಅನ್ನಕ್ಕೆ ಕಲ್ಲು ಹಾಕಲು ಬಂದದ್ದು ಮಾರಾಯ್ತಿ ಅದು!" ಅಂದೆ.

"ಹಾಗೆಲ್ಲ ಹೇಳಬೇಡ. ಅದೂ ದುಡಿಯುವುದಲ್ವಾ?" ಅಂತ ಅಕ್ಕ ಅದರ ಹಣೆ ಹುಡುಕಿದಳು. ಹಣೆಯಂತೆ ಕಂಡ ದುಂಡು ಗಾಜಿಗೆ ಕುಂಕುಮ ಹಚ್ಚಿ ಕೈಮುಗಿದಳು.

ಆ ಗಾಜು ಅದರ ಕ್ಯಾಮೆರಾ. ಕೆಲಸ ಶುರುವಾದ ಕೂಡಲೇ ಕೈ ಎತ್ತಿದ್ದು ಎತ್ತಿದಂತೆಯೇ ನಿಂತಿತು. ಇಡೀ ಸಾಲೇ ನಿಂತಿತು. ನನಗೋ ಕುಣಿಯುವಷ್ಟು ಖುಷಿ. ಯಾರು ಮಾಡಿದ್ದು ಅಂತ ಮ್ಯಾನೇಜರ್ ಕೂಗಾಡಿದ. ಸುಮ್ಮನಿರು ಅಂತ ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಅಕ್ಕ ನಗುತ್ತಲೇ ಮುಂದೆ ಬಂದು, "ನಾನೇ. ಅದಕ್ಕೆ ಒಳ್ಳೆಯದಾಗಲಿ ಅಂತ ಇಟ್ಟೆ" ಅಂದಳು.

ಅದರ ಕಣ್ಣೊರೆಸಲು ಎಂಜಿನಿಯರ್ ಕಾರಿನಲ್ಲಿ ಬಂದ. ಮೆತ್ತನೆಯ ಬಟ್ಟೆಯೇನು, ಆ ನಾಜೂಕೇನು! ನನ್ನ ಸೊಂಟ ಉಳುಕಿದಾಗ ಇದೇ ಮ್ಯಾನೇಜರ್ ಒಂದು ಮಾತ್ರೆ ಕೈಗಿಟ್ಟು ಕೆಲಸ ಮುಂದುವರಿಸು ಅಂದಿದ್ದ. ಈಗ ಅಕ್ಕನಿಗೆ ಕೋಟು ಹಾಕಿಕೊಂಡು ಹೊರಡಲು ಹೇಳಿದ. ಮತ್ತೆ ಬರುವುದೇ ಬೇಡ ಅಂದ. ಅವನ ಹೊಟ್ಟೆ ಉರಿದು ಹೋಗ!

ಬಾಗಿಲ ತನಕ ಹೋದ ಅಕ್ಕ ತಿರುಗಿ ಬಂದಳು. ನನಗೇನೋ ಹೇಳಲು ಬಂದಳು ಅಂದುಕೊಂಡೆ. ಅವಳು ಎಂಜಿನಿಯರನ್ನು ಕೇಳಿದಳು: "ಅದಕ್ಕೇನೂ ಆಗಿಲ್ಲ ತಾನೆ?"

ಅವನು ಇಲ್ಲ ಅಂತ ತಲೆಯಾಡಿಸಿದ. ಅಕ್ಕ ಹೋದಳು. ಕೈ ಒಂದು ಬಾಕ್ಸ್ ಎತ್ತಿ ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಇಟ್ಟಿತು. ತುಂಬುವವರಿಲ್ಲದೆ ನೆತ್ತಿಯ ದೀಪ ಕೆಂಪಾಯಿತು. ಹೋದವಳ ಮೇಲೂ ಚಾಡಿ ಹೇಳಿತು, ದರಿದ್ರದ್ದು.