ಹರಿಯದ ಹಾರ

ಈ ಸಲದ ಖಂಡೆನವಮಿಗೆ, ಅಂದರೆ ಆಯುಧಪೂಜೆಗೆ, ಹಾರ ಕೊಳ್ಳಲು ಹೋದಾಗ ಪುಣೆಯ ಸದಾಶಿವ ಪೇಠೆಯ ಮೂಲೆಯಲ್ಲಿ ಹೂ ಮಾರುವವಳು ನನ್ನನ್ನು ಬೈದಳು. ಹಾರವನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಲ್ಲಿ ಹಿಚುಕಿ ನೋಡುತ್ತಿದ್ದೆ. "ತಗೊಳ್ಳೂದಿದ್ರ ತಗೋ. ಹೂವಿನ ನಾಡಿ ಯಾಕ ನೋಡ್ತಿ?" ಅಂತ ಮರಾಠಿಯಲ್ಲಿ ಕೇಳಿದಳು. ನಾನು ನೋಡುತ್ತಿದ್ದದ್ದು ಒಳಗಿನ ದಾರ. ನನ್ನ ಮದುವೆಯಲ್ಲೂ ಹೀಗೇ ಮಾಡಿದೆ. ಹುಡುಗಿಯ ಕೊರಳಿಗೆ ಹಾಕುವ ಮೊದಲು ಹಾರ ಹಿಚುಕಿದೆ. ಬೀಗರೆಲ್ಲ ನಕ್ಕರು. ನಗಲಿ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಆದದ್ದನ್ನು ಹೇಳುತ್ತೇನೆ, ಕೇಳಿ.

ಪುಣೆಗೆ ಕರೆಂಟಿನ ಎಂಜಿನ್ ಬಂದು ಆಗ ಬಹಳ ವರ್ಷವಾಗಿರಲಿಲ್ಲ. ಅವುಗಳ ರಿಪೇರಿ ಶೆಡ್ಡಿನಲ್ಲಿ ನನ್ನನ್ನು ಕೆಲಸಕ್ಕೆ ಸೇರಿಸಿದವರು ರಾಚಪ್ಪ ಕಾಕಾ. ರಕ್ತಸಂಬಂಧವಲ್ಲ, ನಮ್ಮೂರ ಕಡೆಯವರು. ಹುಬ್ಬಳ್ಳಿಯಲ್ಲಿ ಉಗಿ ಎಂಜಿನ್ನುಗಳ ಜೊತೆ ಅರ್ಧ ಆಯುಷ್ಯ ಕಳೆದು ಬಂದಿದ್ದರು. ಕರೆಂಟಿನ ಎಂಜಿನ್ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. "ಉಗಿ ಎಂಜಿನ್ ಬುಸುಗುಡತದ, ಉಗಳತದ, ಸಿಟ್ಟು ಬಂದದ್ದು ಗೊತ್ತಾಗತದ. ಇದು ಭಾಳ ಮಳ್ಳ ಅದ ನೋಡು. ಸುಮ್ನ ನಿಂತಿರ್ತದ" ಅನ್ನುತ್ತಿದ್ದರು. ಆದರೂ ದಿನಾ ಬೆಳಿಗ್ಗೆ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ನಟ್ಟು ಬಿಚ್ಚುವ ಪಾನಾ ಹಿಡಿಯುತ್ತಿದ್ದರು.

ನನ್ನ ಕೆಲಸದ ಮೇಲೂ ಅವರಿಗೆ ನಂಬಿಕೆಯಿರಲಿಲ್ಲ. "ನಿನ್ನ ಗಂಟು ಮುದುಕಿ ಹಲ್ಲಿದ್ದಂಗಲೇ. ಮುಟ್ಟಿದ್ರ ಉದುರತದ." ಇದು ಸುಳ್ಳಲ್ಲ. ಒಂದು ಖಂಡೆನವಮಿಗೆ ನಾನು ಕಟ್ಟಿದ ಹಾರ ಎಂಜಿನ್ನಿಗೆ ಹಾಕುವಾಗಲೇ ಹರಿದು, ಹೂವೆಲ್ಲ ಸಾಹೇಬರ ಬೂಟಿನ ಮೇಲೆ ಬಿದ್ದಿತ್ತು. ವರ್ಷವಿಡೀ ಶೆಡ್ಡಿನವರು ಅದನ್ನೇ ಆಡಿಕೊಂಡರು.

ಅದಕ್ಕೇ ಮರುವರ್ಷ ದಾರವೇ ಬೇಡ ಅಂದುಕೊಂಡೆ. ಮೋಟಾರು ಸುತ್ತಿ ಉಳಿದ ತಾಮ್ರದ ತಂತಿ ಶೆಡ್ಡಿನಲ್ಲಿ ಬೇಕಾದಷ್ಟು ಬಿದ್ದಿರುತ್ತಿತ್ತು. ಎರಡೆಳೆ ಹೊಸೆದು ಚೆಂಡು ಹೂ ಪೋಣಿಸಿದೆ. ಎರಡು ಆಳುದ್ದದ ಹಾರ. ಜಗ್ಗಿ ನೋಡಿದೆ. ಹರಿಯಲಿಲ್ಲ. ಎಷ್ಟು ಹೆಮ್ಮೆಪಟ್ಟೆ ಅಂದರೆ, ಅದನ್ನು ನೆನೆದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಇನ್ನೊಂದು ಮಾತು. ಎಂಜಿನ್ನಿನ ಮೇಲೆ ಹತ್ತುವ ಮೊದಲು ಮೇಲಿನ ತಂತಿಯ ಕರೆಂಟು ಬಂದ್ ಮಾಡಿಸಿ, ಕೊಕ್ಕೆಯಿರುವ ಒಂದು ಉದ್ದ ಕೋಲನ್ನು ಆ ತಂತಿಗೆ ತಗುಲಿಸಬೇಕು. ಉಳಿದ ಕರೆಂಟು ನೆಲಕ್ಕೆ ಇಳಿಯಲಿ ಅಂತ ಕೋಲಿನ ಇನ್ನೊಂದು ತುದಿಯ ಸರಿಗೆಯನ್ನು ಹಳಿಗೆ ಕಟ್ಟಿರುತ್ತಾರೆ. ಕೋಲು ಹೊರಗೆ ತಂದದ್ದು ಕಂಡ ಮೇಲೆಯೇ ಸ್ವಿಚ್ಚಿನವನು ಕರೆಂಟು ತೆಗೆಯುತ್ತಿದ್ದ. ಆದರೆ ಖಂಡೆನವಮಿ ದಿನ ಸಲಕರಣೆಗಳನ್ನೆಲ್ಲ ದೇವಿಯ ಮುಂದೆ ಇಟ್ಟು ಪೂಜೆ ಮಾಡುತ್ತೇವೆ. ಮರುದಿನದವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಪಾನಾ, ಸುತ್ತಿಗೆ, ಕಾನಸು. ಆ ಕೋಲು ಕೂಡ. ಅದಕ್ಕೆ ಕುಂಕುಮ ಹಚ್ಚಿ ಒರಗಿಸಿಟ್ಟವನೂ ನಾನೇ.

ಉಗಿ ಎಂಜಿನ್ನಿಗೆ ಹಾರ ಹಾಕುವುದು ಚಿಮಣಿಗೆ. ಇದಕ್ಕೆ ಚಿಮಣಿ ಎಲ್ಲಿದೆ? "ತಲಿ ಮ್ಯಾಲಿನ ಚೌಕಟ್ಟs ಇದರ ಕಿರೀಟ" ಅಂದ ಕಾಕಾ, ತಂತಿಯಿಂದ ಕರೆಂಟು ಹೀರಿಕೊಳ್ಳುವ ಆ ಚೌಕಟ್ಟಿಗೇ ಹಾರ ಹಾಕುತ್ತೇನೆ ಅಂತ ಏಣಿ ಹತ್ತಿದರು. ಚೌಕಟ್ಟು ಮಡಚಿ ಕೂತಿತ್ತು, ತಂತಿಗೆ ತಾಗಿರಲಿಲ್ಲ.

ಕೆಳಗಿದ್ದ ಫಿಟ್ಟರ್ ಗಣಪತ ಕೂಗಿದ: "ಕಾಕಾ, ಕೋಲು?"

"ಪೂಜಾದಾಗ ಅದಲೇ. ಮುಟ್ಟಬಾರದು. ನಾ ಏನ್ ರಿಪೇರಿ ಮಾಡಾಕ ಬಂದೇನು? ಬಗ್ಗಿ ಹಾಕಿ ಇಳಿತೀನಿ."

ಅಷ್ಟು ಮಂದಿಯಲ್ಲಿ, ಕರೆಂಟು ಬಂದ್ ಆಗಿಲ್ಲ, ಇಳಿಯಿರಿ ಅನ್ನಲು ಯಾರಿಗೂ ತೋಚಲಿಲ್ಲ. ನನಗೂ ತೋಚಲಿಲ್ಲ. ನಾನು ಹಾರ ಎತ್ತಿ ಕೊಟ್ಟೆ. ಕಾಕಾ ಅದನ್ನು ಕೈಯಲ್ಲಿ ತೂಗಿ, ನನ್ನ ಕಡೆ ನೋಡಿ ನಕ್ಕರು. ಬಗ್ಗಿಯೇ ಚೌಕಟ್ಟಿನ ಆಚೆಗೆ ಬೀಳಲಿ ಅಂತ ಬೀಸಿ ಎಸೆದರು. ಹಾರ ಎತ್ತರಕ್ಕೆ ಹೋಯಿತು. ಒಂದು ತುದಿ ಮೇಲಿನ ತಂತಿಗೆ ಬಿತ್ತು, ಇನ್ನೊಂದು ಎಂಜಿನ್ನಿಗೆ.

ನೀಲಿ ಬೆಳಕು. ಸದ್ದು ಆಮೇಲೆ ಬಂತು. ಹಾರ ಇದ್ದಲ್ಲಿ ಏನೂ ಇರಲಿಲ್ಲ. ಕಾಕಾ ಹಳಿಯ ಪಕ್ಕದಲ್ಲಿ ಬಿದ್ದಿದ್ದರು. ಅಂಗಿಯ ತೋಳು ಉರಿಯುತ್ತಿತ್ತು. ಗಣಪತ ಗೋಣಿಚೀಲ ಹಾಕಿ ಆರಿಸಿದ. ನಾನು ನಿಂತೇ ಇದ್ದೆ. ಕೈಯಲ್ಲಿ ಒಡೆಯಬೇಕಾದ ತೆಂಗಿನಕಾಯಿ ಇತ್ತು. ಸುಟ್ಟ ಚೆಂಡು ಹೂವಿನ ವಾಸನೆ ನಿಮಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಹಾರ ಆಗಲೇ ಕೈ ಬಿಟ್ಟಿತ್ತು, ಕಾಕಾನ ಜೀವ ಉಳಿಯಿತು. ಕಣ್ಣು ಉಳಿಯಲಿಲ್ಲ. ಕೋಲು ತಗುಲಿಸದೆ ಹತ್ತಿದ್ದು ರಾಚಪ್ಪನ ತಪ್ಪು ಅಂತ ಸಾಹೇಬರು ಬರೆದರು. ಕೆಲಸ ಹೋಯಿತು. ಹಸಿ ಹೂವಿನಿಂದ ಅಷ್ಟು ಬೆಂಕಿ ಹೇಗೆ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಎಂಜಿನ್ನಿನ ನೆತ್ತಿ ತೊಳೆಯಲು ನನ್ನನ್ನೇ ಕಳಿಸಿದ್ದರು. ಅಲ್ಲಿ ಕರಗಿ ಹೆಪ್ಪುಗಟ್ಟಿದ ತಾಮ್ರದ ಹನಿಗಳಿದ್ದವು, ಸಾಸಿವೆಯಷ್ಟು, ಮೆಣಸಿನಷ್ಟು. ಉಗುರಿನಿಂದ ಕಿತ್ತು ಜೇಬಿಗೆ ಹಾಕಿಕೊಂಡೆ. ಬಾಯಿ ಬಿಡಲಿಲ್ಲ. ಮೂರು ವರ್ಷ.

ಈ ಸಲ ಹೂ ಮಾರುವವಳು ಬೈದ ಮೇಲೆ ಹಾರ ಹಿಡಿದು ನೆಟ್ಟಗೆ ಕಾಕಾನ ಖೋಲಿಗೆ ಹೋದೆ. ಕೂರಲೂ ಇಲ್ಲ. "ಕಾಕಾ, ಅವತ್ತಿನ ಹಾರ ನಾ ತಾಮ್ರದ ತಂತೀಲೆ ಪೋಣಿಸಿದ್ದೆರೀ" ಅಂದೆ. ಸದಾ ಜೇಬಲ್ಲಿರುತ್ತಿದ್ದ ಹನಿಗಳನ್ನು ಅವರ ಅಂಗೈಗೆ ಸುರಿದೆ.

ಕಾಕಾ ಹೆಬ್ಬೆರಳಿನಿಂದ ಅವನ್ನು ಉರುಳಿಸಿದರು. "ಗೊತ್ತಿತ್ತಲೇ."

"ಏನು?"

"ಕೈಗೆ ಬಂದ ಕೂಡ್ಲೇ ಗೊತ್ತಾತು. ಹೂವಿನ ಹಾರ ಅಷ್ಟು ತೂಕ ಇರತದೇನು? ಈ ಸಲ ಹುಡುಗ ಹರಿಯದಂಗ ಮಾಡ್ಯಾನ ಅಂತ ಖುಷಿ ಆತು."

ಆ ನೀಲಿ ಬೆಳಕಿಗಿಂತ ಈ ಮಾತಿಗೆ ನಾನು ಹೆಚ್ಚು ಬೆಚ್ಚಿದೆ. "ತಂತಿ ಅಂತ ಗೊತ್ತಿದ್ದೂ ಎಸೆದ್ರ್ಯಾ?"

"ಹಬ್ಬಲೇ ತಮ್ಮಾ. ಹೂವಿನೊಳಗಿದ್ರ ತಂತೀನೂ ಹೂವs ಅನಸ್ತದ. ಸಾಹೇಬರು ನನಗ ಕೇಳಿದ್ರು, ಹಾರ ಎದರದು ಅಂತ. ಚೆಂಡು ಹೂವಿಂದು ಅಂದೆ."

ಮೂರು ವರ್ಷ ನಾನು ಮುಚ್ಚಿಟ್ಟೆ ಅಂದುಕೊಂಡಿದ್ದನ್ನು ಮುಚ್ಚಿಟ್ಟವರು ಅವರು. ತಂದ ಹಾರವನ್ನು ಬಾಗಿಲ ಮೊಳೆಗೆ ಸಿಕ್ಕಿಸಲು ಹೋದೆ. ಸಿಕ್ಕಲಿಲ್ಲ, ಜಗ್ಗಿದೆ. ದಾರ ಹರಿದು ಹೂವೆಲ್ಲ ನೆಲದ ಮೇಲೆ ಉರುಳಿದವು.

ಸದ್ದು ಕೇಳಿ ಕಾಕಾ ಮುಖ ಎತ್ತಿದರು. "ಹರೀತೇನು?"

"ಹರೀತ್ರಿ."

"ಛಲೋ ಆತು" ಅಂದರು. "ದಾರ ತಾ. ಇಬ್ರೂ ಕೂತು ಕಟ್ಟೂಣು."